ಆರಂತಸ್ತಿನ ನಗು

ನಾನು ಬಾಯಿಬಡುಕ. ಹೆಂಡತಿ ಇದನ್ನು ದಿನಕ್ಕೆ ಮೂರು ಸಲ ಹೇಳುತ್ತಾಳೆ, ನಾನು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಆದರೆ ಆ ಬಾಯಿಬಡುಕತನ ನನ್ನ ನೌಕರಿಯ ಭಾಗವೇ ಆಗಿತ್ತು ಎನ್ನುವುದನ್ನು ಅವಳು ಬೇಕಂತಲೇ ಬಿಟ್ಟುಬಿಡುತ್ತಾಳೆ. ನಮ್ಮೂರ ವಿಜ್ಞಾನ ಕೇಂದ್ರದಲ್ಲಿ ಒಂದು ದೈತ್ಯ ಪರದೆಯ ಚಿತ್ರಮಂದಿರವಿದೆ. ಅಲ್ಲಿ ಹದಿನೆಂಟು ವರ್ಷ ನಾನು ಪ್ರೊಜೆಕ್ಟರ್ ಆಪರೇಟರ್. ಚಿತ್ರ ಓಡಿಸುವುದು ಅರ್ಧ ಕೆಲಸ. ಚಿತ್ರಕ್ಕೆ ಮುಂಚೆ ಮೈಕ್ ಹಿಡಿದು ಜನರ ಮುಂದೆ ನಿಂತು ಈ ಯಂತ್ರ ಏನು, ಪರದೆ ಏನು ಎಂದು ವಿವರಿಸುವುದು ಇನ್ನರ್ಧ. ಐದು ನಿಮಿಷ ಮಾತಾಡಬೇಕೆಂದು ನಿಯಮ. ಹನ್ನೆರಡು ನಿಮಿಷಕ್ಕೆ ಮುಂಚೆ ನಾನು ಯಾವತ್ತೂ ಮುಗಿಸಿದ್ದಿಲ್ಲ.

"ನೋಡಿ," ಎಂದು ಶುರು ಮಾಡುತ್ತಿದ್ದೆ, "ಮಾಮೂಲಿ ಸಿನಿಮಾ ರೀಲು ಎರಡು ಬೆರಳಗಲ. ಅದು ಮೇಲಿಂದ ಕೆಳಕ್ಕೆ ಓಡುತ್ತೆ. ನಮ್ಮ ರೀಲು ಅಂಗೈ ಅಗಲ, ಅಡ್ಡಡ್ಡ ಓಡುತ್ತೆ. ಒಂದೊಂದು ಚಿತ್ರದ ಅಂಚಿಗೂ ಹದಿನೈದು ಹದಿನೈದು ತೂತು. ನಮ್ಮ ಒಂದು ಚಿತ್ರದ ಜಾಗದಲ್ಲಿ ಮಾಮೂಲಿ ಚಿತ್ರ ಹತ್ತಿರ ಹತ್ತಿರ ಹತ್ತು ಹಿಡಿಸುತ್ತೆ. ಅದಕ್ಕೇ ಅಷ್ಟು ದೊಡ್ಡದು ಮಾಡಿದರೂ ಒಡೆಯೋದಿಲ್ಲ. ನಲವತ್ತು ನಿಮಿಷದ ಚಿತ್ರ ಅಂದರೆ ನಾಲ್ಕು ಕಿಲೋಮೀಟರ್ ರೀಲು, ಹೆಚ್ಚುಕಮ್ಮಿ ನನ್ನಷ್ಟೇ ತೂಕ!" ಇಲ್ಲಿ ಹೊಟ್ಟೆ ತಟ್ಟಿಕೊಳ್ಳುತ್ತಿದ್ದೆ. ಜನ ನಗುತ್ತಿದ್ದರು. ಆಮೇಲೆ ನನ್ನ ಅಚ್ಚುಮೆಚ್ಚಿನ ಭಾಗ. "ಪರದೆ ಆರಂತಸ್ತು ಎತ್ತರ. ಎಲ್ಲಿ ಕೂತರೂ ಅದರ ಅಂಚು ನಿಮ್ಮ ಕಣ್ಣಿಗೆ ಸಿಗಬಾರದು, ಅದೇ ಗುಟ್ಟು. ನಡುಗಣ್ಣು ಚಿತ್ರ ನೋಡುತ್ತೆ, ಕಣ್ಣಂಚು ನಂಬುತ್ತೆ. ಅಂಚು ನಂಬಿತೋ, ನೀವು ಇಲ್ಲಿ ಇರೋದೇ ಇಲ್ಲ, ಅಲ್ಲಿರ್ತೀರಿ!"

ಈ ಕಣ್ಣಂಚಿನ ಮಾತನ್ನು ನಾನು ಸಾವಿರಾರು ಸಲ ಹೇಳಿದ್ದೇನೆ. ಜ್ಞಾಪಕ ಇಟ್ಟುಕೊಳ್ಳಿ. ನನ್ನ ಮಾನ ಹರಾಜಾಗುವುದು ಇಲ್ಲಿಂದಲೇ.

ಕೇಂದ್ರದಲ್ಲಿ ನನಗೆ ಧೂಳಪ್ಪ ಎಂದು ಹೆಸರಿಟ್ಟಿದ್ದರು. ರೀಲಿನ ಮೇಲೆ ಒಂದು ಕೂದಲು ಬಿದ್ದರೆ ಪರದೆಯ ಮೇಲೆ ಅದು ಹೆಬ್ಬಾವು. ಆದ್ದರಿಂದ ನಾನು ಬಿಳಿ ಹತ್ತಿ ಕೈಗವಸು ಹಾಕಿಕೊಂಡು, ತಲೆಗೆ ಟೋಪಿ ಬಿಗಿದುಕೊಂಡು, ಪ್ರೊಜೆಕ್ಟರ್ ಕೋಣೆಗೆ ಮ್ಯಾನೇಜರ್ ಮೇಡಂ ಬಂದರೂ ಚಪ್ಪಲಿ ಬಿಚ್ಚಿಸುತ್ತಿದ್ದೆ. ಅಷ್ಟೂ ವರ್ಷ ಪರದೆಯ ಮೇಲೆ ಒಂದು ಚುಕ್ಕೆ ಹೆಚ್ಚು ಬಿದ್ದಿದ್ದರೆ ಕೇಳಿ. ಈ ಊರಿನಲ್ಲಿ ನನ್ನಷ್ಟು ಚುರುಕು ಕಣ್ಣು ಇನ್ನೊಬ್ಬರಿಗಿಲ್ಲ ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಕೇಳುವವರು ಪಾಪ ತಲೆಯಾಡಿಸುತ್ತಿದ್ದರು.

ನನ್ನ ಭಾಷಣದ ಕೊನೆಯ ತುಣುಕು ನಮ್ಮ ಭಾವನದು. ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು.

ನನ್ನ ಅಕ್ಕನ ಗಂಡ ನದಿ ದಾಟಿಸುವ ಲಾಂಚಿನ ಚಾಲಕರು. ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ, ಮೂವತ್ತು ವರ್ಷ. ಇಪ್ಪತ್ತು ವರ್ಷದ ಹಿಂದೆ ನದಿಗಳ ಬಗ್ಗೆ ಒಂದು ದೈತ್ಯ ಪರದೆಯ ಚಿತ್ರ ತೆಗೆಯುವವರು ಲಾಂಚ್ ನಿಲ್ಲುವ ನಮ್ಮ ಕಡವಿಗೆ ಬಂದರು. ಆಗ ನಾನು ಮಾಮೂಲಿ ಟಾಕೀಸಿನಲ್ಲಿ ಆಪರೇಟರ್. ಸುದ್ದಿ ಕೇಳಿ, ಡ್ಯೂಟಿಗೆ ಚಕ್ಕರ್ ಹಾಕಿ ಓಡಿದೆ. ಕ್ಯಾಮೆರಾ ಅಂದರೆ ಅದು ಕ್ಯಾಮೆರಾನೇ ಅಲ್ಲ, ಟ್ರಂಕು. ಎತ್ತಲು ನಾಲ್ಕು ಜನ. ಓಡತೊಡಗಿದರೆ ಹಿಟ್ಟಿನ ಗಿರಣಿಯ ಸದ್ದು. ಒಂದು ಡಬ್ಬಿ ರೀಲು ಮೂರೇ ನಿಮಿಷಕ್ಕೆ ಖಾಲಿ, ಆದ್ದರಿಂದ ಆ ಜನ ಒಂದೊಂದು ಸೆಕೆಂಡಿಗೂ ಜಿಪುಣರು. ನಾನು ಅವರ ತಲೆ ತಿಂದು ತಿಂದು, ಕೊನೆಗೆ ನನ್ನ ಬಾಯಿ ಮುಚ್ಚಿಸಲಿಕ್ಕೋ ಏನೋ, ಕೈಗೊಂದು ಬೆಳ್ಳಿ ಬಣ್ಣದ ಹಾಳೆ ಕೊಟ್ಟು ಕಡವಿನ ಕಟ್ಟೆಯ ತುದಿಯಲ್ಲಿ ನಿಲ್ಲಿಸಿದರು. ಬಿಸಿಲನ್ನು ಭಾವನ ಮುಖಕ್ಕೆ ತಿರುಗಿಸುವುದು ನನ್ನ ಕೆಲಸ.

ಭಾವ ಫೋಟೋದಲ್ಲಿ ನಗುವವರೇ ಅಲ್ಲ. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು, ಕ್ಯಾಮೆರಾ ಕಂಡರೆ ತುಟಿ ಹೊಲಿದುಕೊಳ್ಳುತ್ತಿದ್ದರು. ಮದುವೆ ಫೋಟೋದಲ್ಲೂ ಹಾಗೇ, ದಂಡ ಕಟ್ಟಲು ಬಂದವರ ಮುಖ. ಆವತ್ತು ಮಾತ್ರ ಚುಕ್ಕಾಣಿ ಹಿಡಿದು ನಿಂತವರು ಪಕ್ಕಕ್ಕೆ ತಿರುಗಿ ಹಲ್ಲುಬಿಟ್ಟು ನಕ್ಕರು. ಆ ನಗು ಚಿತ್ರದಲ್ಲಿ ಉಳಿಯಿತು. ಒಟ್ಟು ಹನ್ನೊಂದು ಸೆಕೆಂಡಿನ ದೃಶ್ಯ.

"ಆ ಲಾಂಚ್ ಚಾಲಕರು ನಮ್ಮ ಭಾವ," ಎಂದು ನಾನು ಮೈಕಿನಲ್ಲಿ ಹೇಳುತ್ತಿದ್ದೆ. "ಆ ನಗು ಇದೆಯಲ್ಲ, ಅದು ನಂದು. 'ನಗಿ ಭಾವ!' ಅಂತ ನಾನು ಕೂಗಿದೆ, ಅವರು ನಕ್ಕರು. ನಿರ್ದೇಶನ ಅಂದರೆ ಅಷ್ಟೇ ಸ್ವಾಮಿ." ಚಪ್ಪಾಳೆ ಬೀಳುತ್ತಿತ್ತು.

ಮೈಕಿನಲ್ಲಿ ಹೇಳದೆ ಬಿಟ್ಟಿದ್ದು ಒಂದಿದೆ. ಆ ದೃಶ್ಯ ಮುಗಿದ ಮೇಲೆ ನಾನು ಕಟ್ಟೆಯಿಂದ ಜಾರಿ ಹಾಳೆ ಸಮೇತ ನೀರಿಗೆ ಬಿದ್ದೆ. ಮುಗಿದ ಮೇಲೆ ಎಂದೇ ನನ್ನ ಲೆಕ್ಕ. ಭಾವನೇ ನನ್ನ ಕಾಲರ್ ಹಿಡಿದು ಎಳೆದು ಹಾಕಿದರು. "ಭಾವ, ಅಕ್ಕನಿಗೆ ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ," ಎಂದು ಕೈಕಾಲು ಹಿಡಿದೆ. "ಇಲ್ಲ, ಹೇಳಲ್ಲ," ಎಂದು ಮಾತು ಕೊಟ್ಟರು. ಒದ್ದೆ ಬಟ್ಟೆಯಲ್ಲಿ ಮನೆಗೆ ಹೋದಾಗ ಅಕ್ಕ ಏನೋ ಇದು ಎಂದದ್ದಕ್ಕೆ, ಲಾಂಚಿನ ಅಲೆ ಬಡಿಯಿತು ಎಂದೆ. ಭಾವ ಪಕ್ಕದಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು. ಅಷ್ಟೇ.

ಎರಡು ವರ್ಷ ಕಳೆದು ಊರಿಗೆ ದೈತ್ಯ ಪರದೆ ಬಂತು, ನಾನು ಅರ್ಜಿ ಹಾಕಿ ಸೇರಿಕೊಂಡೆ. ಮೊದಲ ದಿನವೇ ಅಕ್ಕನನ್ನು ಕರೆದುಕೊಂಡು ಹೋಗಿ ಕೂರಿಸಿದೆ. ಆವತ್ತು ಇದ್ದದ್ದು ವಿಮಾನದ ಚಿತ್ರ. ಬಂಡೆಯ ತುದಿಯಿಂದ ಕಣಿವೆಗೆ ಕ್ಯಾಮೆರಾ ಧುಮುಕಿತು ನೋಡಿ, ಅಕ್ಕ ಪಕ್ಕದ ಅಪರಿಚಿತರ ತೋಳು ಹಿಡಿದು "ಅಯ್ಯಯ್ಯೋ, ನಿಲ್ಸೋ! ನಿಲ್ಸೋ!" ಎಂದು ಕಿರುಚಿದ್ದು ಪ್ರೊಜೆಕ್ಟರ್ ಕೋಣೆಗೂ ಕೇಳಿಸಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ಇನ್ನು ಈ ಜನ್ಮದಲ್ಲಿ ನಿನ್ನ ಪರದೆ ಮುಂದೆ ಕೂರಲ್ಲ," ಎಂದಳು. ಆಡಿದ ಮಾತಿಗೆ ತಪ್ಪುವವಳಲ್ಲ. ನದಿಯ ಚಿತ್ರ ನಮ್ಮಲ್ಲಿಗೆ ಬಂದಾಗಲೂ ಬರಲಿಲ್ಲ. ಭಾವನಂತೂ "ದಿನಾ ನೋಡೋ ನದೀನ ಟಿಕೆಟ್ ತಗೊಂಡು ನೋಡ್ಬೇಕಾ?" ಎಂದರು. ಮುಂದಿನ ವಾರ ಬರುತ್ತೇನೆ, ರಜೆ ಸಿಕ್ಕಾಗ ಬರುತ್ತೇನೆ ಎನ್ನುತ್ತಲೇ ಹೋದರು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಲಾಂಚ್ ಕಟ್ಟಿ, ಮನೆಗೆ ಬಂದು, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅವರು ಹೋದ ಮೂರನೇ ವರ್ಷಕ್ಕೆ ಅಕ್ಕನ ಕಣ್ಣು ಕೆಟ್ಟಿತು. ಪೂರ್ತಿ ಅಲ್ಲ. ನಡುವಿನ ದೃಷ್ಟಿ ಹೋಯಿತು, ಸುತ್ತಲಿನದು ಉಳಿಯಿತು. ಎದುರಿಗೆ ಕೂತರೆ ನನ್ನ ಕಿವಿ ಕಾಣುತ್ತೆ, ಭುಜ ಕಾಣುತ್ತೆ, ಮುಖ ಇರಬೇಕಾದಲ್ಲಿ ಒಂದು ಬೂದು ಮಚ್ಚೆ. ಮುಖ ನೋಡಬೇಕೆಂದರೆ ಪಕ್ಕದ ಗೋಡೆ ನೋಡಬೇಕು. ಆಗ ಸ್ವಲ್ಪ ಏನೋ ಸಿಗುತ್ತದಂತೆ. ಇದು ವಾಸಿಯಾಗುವುದಲ್ಲ, ಆದರೆ ತುಂಬ ದೊಡ್ಡದಾಗಿ ಮಾಡಿದರೆ ಕೆಲವು ಕಾಣಬಹುದು ಎಂದರು ಡಾಕ್ಟರು.

ಒಂದು ದಿನ ಅವಳ ಮನೆಗೆ ಹೋದಾಗ ಮದುವೆ ಫೋಟೋ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಏನಕ್ಕ ಇದು?"

"ಅವರ ಮುಖ ಮರೆತು ಹೋಗ್ತಿದೆ ಕಣೋ," ಎಂದಳು. "ಕಣ್ಣಿಗೆ ಕಾಣಲ್ಲ ಅಂದ್ರೆ ಸರಿ. ನೆನಪಲ್ಲೂ ಅಳಿಸ್ತಾ ಇದೆ. ಈ ಫೋಟೋ ಕಂಡ್ರೂ ಪ್ರಯೋಜನ ಇಲ್ಲ, ಇದರಲ್ಲಿ ಅವರು ಅವರ ಥರ ಇಲ್ಲ. ನಗೋದನ್ನ ಒಂದ್ಸಲ ನೋಡ್ಬೇಕು." ಫೋಟೋ ಮಗುಚಿಟ್ಟು ಕೇಳಿದಳು, "ನಿನ್ನ ಪರದೆ ಮೇಲೆ ಅವರು ಎಷ್ಟು ದೊಡ್ಡಕ್ಕೆ ಬರ್ತಾರೆ?"

"ಮುಖಾನೇ ಎರಡಂತಸ್ತು ಅಕ್ಕ. ಒಂದೊಂದು ಹಲ್ಲೂ ಇಟ್ಟಿಗೆಯಷ್ಟು."

"ಹಾಗಾದ್ರೆ ಕಾಣ್ಬಹುದೇನೋ."

ಈ ಜನ್ಮದಲ್ಲಿ ಕೂರಲ್ಲ ಎಂದವಳು ತಾನಾಗಿ ಕೇಳುತ್ತಿದ್ದಾಳೆ. ಅದೇ ತಿಂಗಳು ಮ್ಯಾನೇಜರ್ ಮೇಡಂ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು: ರೀಲು ಪ್ರೊಜೆಕ್ಟರ್ ಹೋಗುತ್ತೆ, ಲೇಸರ್ ಬರುತ್ತೆ, ಗುಂಡಿ ಒತ್ತಿದರೆ ಚಿತ್ರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಯಂತ್ರ ಬಿಚ್ಚುವವರು ಬರುತ್ತಾರೆ, ಉಗ್ರಾಣದ ರೀಲುಗಳನ್ನು ಅದೇ ಲಾರಿಯಲ್ಲಿ ಪುಡಿ ಮಾಡಲು ಒಯ್ಯುತ್ತಾರೆ. ಕೊನೆಯ ಪ್ರದರ್ಶನಕ್ಕೆ ಯಾವ ಚಿತ್ರ ಹಾಕೋಣ ಎಂದು ಕೇಳಿದಾಗ ನಾನು ಕೈಯೆತ್ತಿ ನದಿಯ ಚಿತ್ರ ಎಂದೆ. ಯಾರೂ ಎದುರಾಡಲಿಲ್ಲ. ಎದುರಾಡಿದರೆ ನಾನು ವಿವರಿಸುತ್ತೇನೆಂಬ ಭಯ.

ಭಾನುವಾರ ಸಂಜೆ ನಾಲ್ಕರ ಪ್ರದರ್ಶನ. ಅಕ್ಕನ ಕೈ ಹಿಡಿದು ಒಳಗೆ ಕರೆತಂದೆ. ನನ್ನ ಹೆಂಡತಿಯೂ ಬಂದಿದ್ದಳು. ನಮ್ಮ ಹಾಲಿನಲ್ಲಿ ಏಳನೇ ಸಾಲಿನ ನಟ್ಟನಡುವಿನ ಸೀಟನ್ನು ನಾನು ರಾಜನ ಸೀಟು ಎನ್ನುತ್ತೇನೆ. ಲೆನ್ಸಿನ ನೇರಕ್ಕೆ, ಪರದೆಯ ನಡುಮಧ್ಯಕ್ಕೆ ಎದುರಾಗಿ, ಅಳತೆ ಹಿಡಿದು ಗೊತ್ತು ಮಾಡಿದ ಜಾಗ. ಅದನ್ನು ನಾನು ಮಂತ್ರಿಗಳು ಬಂದಾಗಲೂ ಒಂದು ಸಲವೂ ಕೊಟ್ಟಿಲ್ಲ, ಯಾಕೆಂದರೆ ಅವರು ನಿದ್ದೆ ಮಾಡುತ್ತಾರೆ. ಆ ಸೀಟಿನಲ್ಲಿ ಅಕ್ಕನನ್ನು ಕೂರಿಸಿ, "ಇದಕ್ಕಿಂತ ಒಳ್ಳೆ ಜಾಗ ಈ ಭೂಮಿ ಮೇಲಿಲ್ಲ," ಎಂದೆ. ಹದಿನೇಳು ನಿಮಿಷ ಭಾಷಣ ಬಿಗಿದೆ. ಕಣ್ಣಂಚಿನ ಭಾಗ ಬಂದಾಗ ಧ್ವನಿ ಏರಿಸಿದೆ ಕೂಡ.

ಚಿತ್ರ ಓಡಿತು. ಇಪ್ಪತ್ತೆರಡನೇ ನಿಮಿಷಕ್ಕೆ ಭಾವ ಬಂದರು, ತಿರುಗಿದರು, ನಕ್ಕರು, ಹೋದರು. ಕೋಣೆಯ ಗಾಜಿನ ಹಿಂದೆ ನಿಂತು ನಾನು ಕಣ್ಣೊರೆಸಿಕೊಂಡೆ. ಕೆಲಸ ಮಾಡಿದ್ದು ಸಾರ್ಥಕವಾಯಿತು ಎಂದುಕೊಂಡೆ. ಎಂಥ ಪೆದ್ದ!

ದೀಪ ಹತ್ತಿದ ಮೇಲೆ ಓಡಿ ಬಂದೆ. "ಹೇಗಿತ್ತಕ್ಕ?"

"ಚೆನ್ನಾಗಿತ್ತು ಕಣೋ. ನೀರಿನ ಸದ್ದು ಎಷ್ಟು ಚೆನ್ನಾಗಿ ಕೇಳಿಸ್ತು."

"ಭಾವ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಸುತ್ತ ನೀರಿತ್ತು. ನಡುವೆ ದೊಡ್ಡ ಬೂದು ಗುಡ್ಡೆ. ಅದರ ಹಿಂದೆ ಇದ್ದರೇನೋ." ನನ್ನ ಮುಖ ಅವಳಿಗೆ ಕಾಣದಿದ್ದರೂ ಏನೋ ತಿಳಿಯಿತೆಂದು ತೋರುತ್ತದೆ, ತಟ್ಟನೆ ಸಮಾಧಾನ ಹೇಳುವ ದನಿಯಲ್ಲಿ, "ಆದ್ರೆ ಮೂಲೇಲಿ ಯಾರೋ ನೀರಿಗೆ ಬಿದ್ದರಲ್ಲ, ಅದು ಚೆನ್ನಾಗಿ ಕಾಣ್ತು," ಎಂದಳು.

ನನಗೆ ರೇಗಿತು. ಬೇಸರಕ್ಕೆ ರೇಗಿದ್ದು, ಆದರೆ ಬಾಯಿಂದ ಬಂದದ್ದು ಜಂಭ. "ಯಾರೂ ಬಿದ್ದಿಲ್ಲ ಅಕ್ಕ! ಆ ಚಿತ್ರ ನಾನು ಆರುನೂರು ಸಲ ಓಡಿಸಿದ್ದೀನಿ. ಒಂದು ಸೊಳ್ಳೆ ಹಾರಿದ್ರೂ ಎಲ್ಲಿ ಹಾರ್ತು ಅಂತ ಹೇಳ್ತೀನಿ."

"ಸರಿ ಬಿಡಪ್ಪ. ನಾನು ಕುರುಡಿ," ಎಂದು ಎದ್ದು ನಿಂತಳು.

ಆ ಮಾತು ಕಪಾಳಕ್ಕೆ ಬಿದ್ದಂತಾಯಿತು. ಅಕ್ಕನನ್ನು ನಮ್ಮ ಮನೆಗೇ ಕರೆತಂದೆವು. ಅಕ್ಕ ಕೈಕಾಲು ತೊಳೆಯಲು ಹೋದಾಗ ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದಳು.

"ರೀ, ಅತ್ತಿಗೆ ನಿಮ್ಮ ಮುಖ ನೋಡ್ಬೇಕಂದ್ರೆ ಎಲ್ಲಿ ನೋಡ್ತಾರೆ?"

"ಗೋಡೆ."

"ಮತ್ತೆ ನೀವು ಅವರನ್ನ ಎಲ್ಲಿ ಕೂರಿಸಿದ್ರಿ?"

ನಾನು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಮಾಡಿದೆ.

"ನಟ್ಟನಡುವೆ, ನಿಮ್ಮ ಭಾವನ ಮುಖಕ್ಕೆ ನೇರವಾಗಿ! ಹದಿನೆಂಟು ವರ್ಷದಿಂದ ಕಣ್ಣಂಚು ಕಣ್ಣಂಚು ಅಂತ ಊರಿಗೆಲ್ಲ ಭಾಷಣ ಬಿಗಿದಿದ್ದು ನೀವೇ ತಾನೆ? ಅತ್ತಿಗೆಗೆ ಉಳಿದಿರೋದೇ ಅಂಚು. ಮುಂದಿನ ಸಾಲಲ್ಲಿ, ಒಂದು ಪಕ್ಕಕ್ಕೆ ಕೂರಿಸಿ, ಬೇರೆಲ್ಲೋ ನೋಡಿ ಅಂದಿದ್ರೆ ಆಗ್ತಿರಲಿಲ್ವಾ?"

ಆಗುತ್ತಿತ್ತು. ಮುಂದಿನ ಸಾಲಿನಿಂದ ಭಾವನ ಮುಖ ಆ ಬೂದು ಮಚ್ಚೆಗಿಂತ ಎಷ್ಟೋ ದೊಡ್ಡದಾಗಿ ಕಾಣುತ್ತಿತ್ತು. ಇಷ್ಟು ಸಣ್ಣ ವಿಷಯ ಊರಿಗೆಲ್ಲ ಪಾಠ ಹೇಳುವ ನನಗೆ ಹೊಳೆಯಲಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತೆ. ಆದರೆ ಸುಮ್ಮನೆ ಇನ್ನೊಮ್ಮೆ ಓಡಿಸಿದರೂ ಸಾಲದು. ಕಣ್ಣನ್ನು ಎಲ್ಲಿಡಬೇಕೆಂದು ಅಕ್ಕ ಹುಡುಕುವಷ್ಟರಲ್ಲಿ ಹನ್ನೊಂದು ಸೆಕೆಂಡು ಮುಗಿದಿರುತ್ತದೆ. ರೀಲನ್ನು ನಿಲ್ಲಿಸಿ ತೋರಿಸೋಣವೆಂದರೆ ಹದಿನೈದು ಸಾವಿರ ವಾಟಿನ ದೀಪ, ನಿಂತ ರೀಲು ಸುಟ್ಟು ಕರಕಲು.

"ಹಾಗಾದ್ರೆ ಏನ್ಮಾಡೋದು?" ಎಂದಳು ಹೆಂಡತಿ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ಯಂತ್ರ ಸರಿಮಾಡಲು ಬರುವ ಎಂಜಿನಿಯರು ಗೆರೆಗಳಿರುವ ರೀಲಿನ ತುಂಡೊಂದನ್ನು ತರುತ್ತಾರೆ. ಅದರ ತಲೆಗೂ ಬಾಲಕ್ಕೂ ಅಂಟು ಹಾಕಿ, ಬಳೆಯ ಹಾಗೆ ಮಾಡಿ, ಯಂತ್ರದೊಳಗೆ ಸುತ್ತಲು ಬಿಡುತ್ತಾರೆ. ಎಷ್ಟು ಹೊತ್ತು ಬೇಕಾದರೂ ಅದೇ ಚಿತ್ರ ಬರುತ್ತಲೇ ಇರುತ್ತದೆ. ಭಾವನನ್ನೂ ಹಾಗೆ ಬಳೆ ಮಾಡಬಹುದು. ಆದರೆ ಅದಕ್ಕೆ ಚಿತ್ರದ ಪ್ರಿಂಟನ್ನು, ಆ ರೀಲನ್ನೇ, ಕತ್ತರಿಸಬೇಕು. ಒಂದು ಪ್ರಿಂಟಿಗೂ ಕತ್ತರಿ ತಾಗಿಸದವನು ನಾನು ಎಂದು ಎಷ್ಟು ಸಲ ಬಡಾಯಿ ಕೊಚ್ಚಿದ್ದೇನೋ!

ಬೆಳಿಗ್ಗೆ ಏಳಕ್ಕೆ ಮೂವರೂ ಕೇಂದ್ರಕ್ಕೆ ಬಂದೆವು. ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇತ್ತು. ಹಿಂದಿನ ಸಂಜೆ ಚಿತ್ರವನ್ನು ಬಿಡಿ ಸುರುಳಿ ಮಾಡಿ ಪೆಟ್ಟಿಗೆಗೆ ತುಂಬಿದ್ದೆ. ಮೂರನೇ ಪೆಟ್ಟಿಗೆ ತೆರೆದು, ಗಾಜಿನ ಮೇಜಿನ ಮೇಲೆ ರೀಲು ಎಳೆದು, ಭಾವ ಎಲ್ಲಿ ಶುರುವಾಗುತ್ತಾರೆಂದು ಹುಡುಕಿದೆ. ಕತ್ತರಿಯನ್ನು ಎರಡೆರಡು ಸಲ ಒರೆಸಿದೆ. ಹೆಂಡತಿ ನೋಡಿ, "ಹೇಗೂ ಪುಡಿ ಮಾಡೋರಿದ್ದಾರೆ, ಕತ್ತರಿಸ್ರೀ," ಎಂದಳು. ಕತ್ತರಿಸಿದೆ. ಇನ್ನೂರ ಅರವತ್ತನಾಲ್ಕು ಚಿತ್ರ, ಹತ್ತೊಂಬತ್ತು ಮೀಟರ್ ಭಾವ.

ಹತ್ತೊಂಬತ್ತು ಮೀಟರ್ ಬಳೆಯನ್ನು ಕೋಣೆಯಲ್ಲಿ ಹಿಡಿಸುವುದು ಹುಡುಗಾಟವಲ್ಲ. ಯಂತ್ರದಿಂದ ಹೊರಬಿದ್ದ ರೀಲನ್ನು ಉರುಳೆಗಳ ಮೇಲೆ ಹಾಯಿಸಿ, ಬಾಗಿಲವರೆಗೆ ಒಯ್ದು, ಬೀರುವಿನ ಪಕ್ಕದಲ್ಲಿ ತಿರುಗಿಸಿ ವಾಪಸ್ ತಂದೆ. ಒಂದು ಉರುಳೆ ಕಡಿಮೆ ಬಿತ್ತು. ಅದರ ಜಾಗಕ್ಕೆ ನೆಲ ಒರೆಸುವ ಕೋಲಿಗೆ ಒಂದು ಹಳೇ ಉರುಳೆ ಸಿಕ್ಕಿಸಿ ಹೆಂಡತಿಯ ಕೈಗೆ ಕೊಟ್ಟೆ. ಕೈಗವಸು, ಟೋಪಿ ಕೊಟ್ಟು, "ರೀಲಿಗೆ ಬೆರಳು ತಾಗಿಸ್ಬೇಡ, ಬ್ಲೇಡಿನ ಹಾಗೆ ಕೊಯ್ಯುತ್ತೆ. ನೆಲಕ್ಕೆ ಇಳಿದ್ರೆ ಕೂಗು," ಎಂದೆ.

"ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಕೋಣೆ ಒಳಗೆ ಬಿಟ್ರಿ, ಅದೂ ನೆಲ ಒರೆಸೋ ಕೋಲು ಹಿಡಿಯೋಕೆ," ಎಂದಳು.

ಅಕ್ಕನನ್ನು ಮುಂದಿನ ಸಾಲಿನಲ್ಲಿ ಎಡಕ್ಕೆ ಕೂರಿಸಿ, ಕೈಗೆ ನನ್ನ ಮೈಕ್ ಕೊಟ್ಟೆ. ಯಂತ್ರದ ಸದ್ದಿನಲ್ಲಿ ಅವಳ ಮಾಮೂಲಿ ಮಾತು ನನಗೆ ಕೇಳಿಸದು. ಮೇಲೆ ಬಂದು ಯಂತ್ರ ತಣಿಸುವ ನೀರು ಬಿಟ್ಟು, ಗಾಳಿ ಬಿಟ್ಟು, ದೀಪ ಹೊತ್ತಿಸಿದೆ. ಭಾವ ಸುತ್ತತೊಡಗಿದರು. ಧ್ವನಿ ಬರುವುದು ಬೇರೆ ಯಂತ್ರದಿಂದ, ಅದನ್ನು ಹಾಕಿರದಿದ್ದರಿಂದ ಹಾಲಿನಲ್ಲಿ ಪೂರ್ತಿ ಮೌನ.

"ಲೋ!" ಅಕ್ಕನ ದನಿ ಪರದೆಯ ಹಿಂದಿನ ಅಷ್ಟೂ ಸ್ಪೀಕರಿನಿಂದ ಗುಡುಗಿತು. ಹೆಂಡತಿಯ ಕೈಯಿಂದ ಕೋಲು ಜಾರುವುದರಲ್ಲಿತ್ತು. "ಏನೂ ಕಾಣ್ತಿಲ್ಲ ಕಣೋ!"

"ಪರದೆ ನೋಡ್ಬೇಡ ಅಕ್ಕ! ಬೇರೆ ಏನಾದ್ರೂ ನೋಡು!" ಎಂದು ಕೋಣೆಯ ಮೈಕಿನಲ್ಲಿ ಕೂಗಿದೆ. ಪರದೆ ನೋಡಬೇಡ ಎಂದು ನಾನು ಯಾರಿಗಾದರೂ ಹೇಳಿದ್ದು ಅದೇ ಮೊದಲು, ಅದೇ ಕೊನೆ.

ಅವಳು ಎದ್ದು ಎರಡು ಸೀಟು ಸರಿದು ಕೂತಳು. ಇನ್ನೊಂದು ಸರಿದಳು. "ಇಲ್ಲಿ ಹಸಿರು ದೀಪ ಇದೆ. ಅದನ್ನ ನೋಡ್ತೀನಿ ಇರು." ಅದು ಹೊರಹೋಗುವ ಬಾಗಿಲಿನ ದೀಪ. ಆರಂತಸ್ತಿನ ಪರದೆಯಿಂದ ಮುಖ ತಿರುಗಿಸಿ, ಬಾಗಿಲ ಮೇಲಿನ ಅಂಗೈಯಗಲದ ದೀಪ ನೋಡುತ್ತಾ ಕೂತಳು ನನ್ನಕ್ಕ. ಭಾವ ಬಂದರು, ನಕ್ಕರು, ಹೋದರು. ಬಂದರು, ನಕ್ಕರು, ಹೋದರು. ಎಂಟು ಸುತ್ತು, ಒಂಬತ್ತು ಸುತ್ತು. ಸದ್ದಿಲ್ಲ.

"ಬಂದ್ರು," ಎಂದಳು ಅಕ್ಕ, ತೀರಾ ಮೆತ್ತಗೆ. ಅಷ್ಟು ಮೆತ್ತಗಿನ ಮಾತೂ ಹಾಲ್ ತುಂಬ ಕೇಳಿಸಿತು. "ಬಂದ್ರು ಕಣೋ. ಹುಬ್ಬು... ಮೂಗು... ಅಯ್ಯೋ, ಹಲ್ಲು! ಆ ಮುರಿದ ಹಲ್ಲು!"

ನಾನು ಅತ್ತೆ. ಮುಚ್ಚಿಡುವುದೇನು, ಗೊಳೋ ಎಂದು ಅತ್ತೆ. ಹೆಂಡತಿಯೂ ಅತ್ತಳು, ಕೋಲು ಬಿಡದೆ.

"ಯಾರನ್ನ ನೋಡಿ ನಗ್ತಿದ್ದಾರೋ ಇವರು?" ಎಂದು ಅಕ್ಕ ಕೇಳಿದಳು.

ಕಣ್ಣೀರು ಒರೆಸಿಕೊಳ್ಳುತ್ತಲೇ ನನ್ನ ಹಳೇ ಚಾಳಿ ಎದ್ದು ನಿಂತಿತು. "ನನ್ನನ್ನೇ ಅಕ್ಕ! 'ನಗಿ ಭಾವ' ಅಂತ ನಾನು ಕೂಗಿದೆನಲ್ಲ, ಅದಕ್ಕೆ..."

"ಸುಳ್ಳು ಹೇಳ್ಬೇಡ. ಮೊದಲು ಆ ಮೂಲೇಲಿ ಅವನು ಬೀಳ್ತಾನೆ, ಆಮೇಲೆ ಇವರು ನಗ್ತಾರೆ."

"ಯಾರೂ ಬೀಳಲ್ಲ ಅಂತ..."

"ರೀ," ಎಂದಳು ಹೆಂಡತಿ. ಅವಳು ಕೋಲು ಹಿಡಿದು ನಿಂತಿದ್ದು ಕೋಣೆಯ ಇನ್ನೊಂದು ಕಿಟಕಿಯ ಹತ್ತಿರ. "ಇಲ್ಲಿ ಬಂದು ನೋಡಿ."

ಹೋದೆ. ನಾನು ಯಾವಾಗಲೂ ನಿಲ್ಲುವ ಕಿಟಕಿಯಿಂದ ಪರದೆಯ ಬಲಗಡೆಯ ಕೆಳಮೂಲೆ ಚೌಕಟ್ಟಿಗೆ ಮರೆಯಾಗುತ್ತದೆ. ಹಾಲಿನಲ್ಲಿ ಕೂತು ನೋಡಿದಾಗಲೂ ಆ ದೃಶ್ಯದಲ್ಲಿ ನಾನು ಭಾವನ ಮುಖ ಬಿಟ್ಟು ಕಣ್ಣು ಕದಲಿಸಿದವನಲ್ಲ, ನನ್ನ ನಿರ್ದೇಶನ ನೋಡಿ ನೋಡಿ ನನಗೇ ಸಾಲದು. ಈಗ ಮೂಲೆ ನೋಡಿದೆ. ಭಾವ ಗಂಭೀರವಾಗಿ ನಿಂತಿದ್ದಾರೆ. ಮೂಲೆಯಲ್ಲಿ ಫಕ್ಕನೆ ಏನೋ ಬೆಳ್ಳಗೆ ಮಿಂಚಿತು, ಎರಡು ಕಾಲು ಮೇಲಕ್ಕೆ ಹೋದವು, ನೀರು ಎಗರಿತು, ಒಂದು ಚಪ್ಪಲಿ ತೇಲಿ ಬಂತು. ಭಾವ ತಿರುಗಿದರು. ಆಮೇಲೆ ನಕ್ಕರು.

ನಾನು ನಿಂತದ್ದು ಚಿತ್ರದ ಚೌಕಟ್ಟಿನ ಹೊರಗೆ. ಬಿದ್ದದ್ದು ಮಾತ್ರ ಒಳಗೆ. ಚಿತ್ರ ಜೋಡಿಸಿದವರು ಯಾವುದೋ ದೊಡ್ಡ ಮೀನು ಎಗರಿತೆಂದು ಬಿಟ್ಟಿರಬೇಕು. ಅಥವಾ ಆ ನಗುವನ್ನು ಬಿಡಲು ಮನಸ್ಸಾಗದೆ ನನ್ನನ್ನು ಸಹಿಸಿಕೊಂಡಿರಬೇಕು. ಇನ್ನೊಂದು ಸುತ್ತು ನೋಡಿದೆ. ಅನುಮಾನವೇ ಇಲ್ಲ, ಅದು ನನ್ನ ಚಪ್ಪಲಿ. ಬಾರು ಕಿತ್ತಿದ್ದಕ್ಕೆ ಪಿನ್ನು ಹಾಕಿದ್ದು ಕೂಡ ಮಿಂಚುತ್ತಿದೆ, ಅಷ್ಟು ಸ್ಪಷ್ಟ. ಹತ್ತು ಪಟ್ಟು ದೊಡ್ಡ ರೀಲಿನ ಮಹಿಮೆ ಎಂದು ನಾನೇ ಅಲ್ಲವೇ ಸಾರಿದ್ದು! ಆರುನೂರು ಪ್ರದರ್ಶನ, ಆರಂತಸ್ತಿನ ಪರದೆ, ಧೂಳಪ್ಪನಿಗೆ ಧೂಳಿನ ಕಣವೆಲ್ಲ ಕಂಡಿತು, ತಾನು ಕಾಣಲಿಲ್ಲ.

"ಆ ಬಿದ್ದವನು ನೀನೇ ಅಲ್ವೇನೋ?" ಎಂದು ಸ್ಪೀಕರುಗಳು ಕೇಳಿದವು.

"ಹೌದಕ್ಕ."

"ಅಲೆ ಬಡೀತು ಅಂದಿದ್ದೆ."

"ಭಾವ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು."

"ಹೇಳ್ಲಿಲ್ಲ. ಅವರು ಹೇಳೋರಲ್ಲ." ಭಾವ ಎರಡು ಸಲ ನಕ್ಕರು, ನಾನು ಎರಡು ಸಲ ಬಿದ್ದೆ. "ಊಟಕ್ಕೆ ಕೂತವರು ಇದ್ದಕ್ಕಿದ್ದಂಗೆ ಕಿಸಕ್ ಅಂತ ನಗೋರು. ಯಾಕೆ ಅಂದ್ರೆ ಏನಿಲ್ಲ ಅನ್ನೋರು. ಮತ್ತೆ ನಗೋರು. ನನ್ನನ್ನೇ ಆಡ್ಕೊಂಡು ನಗ್ತಾರೆ ಅಂದ್ಕೊಂಡೆ. ಒಂದು ವಾರ ಮಾತು ಬಿಟ್ಟೆ ಕಣೋ ನಾನು. ಒಂದು ವಾರ ಅವರ ಮುಖ ನೋಡ್ಲಿಲ್ಲ."

ನನ್ನ ಬಾಯಿಗೆ ಬೀಗ ಬಿತ್ತು. ಹೆಂಡತಿ ನನ್ನ ಕಡೆ ನೋಡಿದಳು. ಅವಳ ಜೀವಮಾನದಲ್ಲಿ ಅಂಥದ್ದನ್ನು ಕಂಡಿರಲಿಲ್ಲ.

"ತಪ್ಪಾಯ್ತು ಅಕ್ಕ," ಎಂದೆ ಕೊನೆಗೆ.

"ತಪ್ಪು ಇರ್ಲಿ. ಆ ವಾರ ವಾಪಸ್ ಕೊಡು," ಎಂದಳು. "ಎಷ್ಟು ಹೊತ್ತು ಓಡಿಸ್ಬಹುದು ಇದನ್ನ?"

ಗಡಿಯಾರ ನೋಡಿದೆ. ಒಂಬತ್ತು. "ಹತ್ತಕ್ಕೆ ಬಿಚ್ಚೋರು ಬರ್ತಾರೆ. ಅಲ್ಲೀ ತನಕ."

"ಹಾಗಾದ್ರೆ ನಿಲ್ಲಿಸ್ಬೇಡ."

ನಿಲ್ಲಿಸಲಿಲ್ಲ. ನನಗೆ ಲೆಕ್ಕ ಹಾಕುವ ಚಟ, ಹಾಕಿದೆ. ಒಂದು ಗಂಟೆಗೆ ಮುನ್ನೂರ ಇಪ್ಪತ್ತೇಳು ಸಲ. ಹೆಂಡತಿಯ ಕೈ ಸೋತಾಗ ಕೋಲು ನಾನು ಹಿಡಿದೆ, ನನ್ನ ಕೈ ಸೋತಾಗ ಅವಳು ಹಿಡಿದಳು. ಕೆಳಗೆ ಅಕ್ಕ ಹಸಿರು ದೀಪ ನೋಡುತ್ತಾ ಗಂಡನ ಜತೆ ಏನೇನೋ ಮಾತಾಡಿದಳು. ಮೈಕ್ ಆರಿಸುವುದು ಅವಳಿಗೆ ಗೊತ್ತಿರಲಿಲ್ಲ, ಆದ್ದರಿಂದ ನಾನು ನಮ್ಮ ಕೋಣೆಯೊಳಗಿನ ಸ್ಪೀಕರನ್ನು ಆರಿಸಿದೆ. ಅದು ಅವರಿಬ್ಬರ ಮಾತು.

ಹತ್ತಕ್ಕೆ ಐದು ನಿಮಿಷವಿರುವಾಗ ಹಾಲಿನ ಬಾಗಿಲು ತೆರೆಯಿತು. ಮ್ಯಾನೇಜರ್ ಮೇಡಂ, ಹಿಂದೆ ಪಾನಾ ಸ್ಪ್ಯಾನರು ಹಿಡಿದ ನಾಲ್ಕು ಜನ. ನನ್ನ ಕಥೆ ಮುಗಿಯಿತು ಎಂದುಕೊಂಡು ಕೋಣೆಯ ಸ್ಪೀಕರನ್ನು ಮತ್ತೆ ಹಾಕಿದೆ. ಮೇಡಂ ನಡುದಾರಿಯಲ್ಲಿ ನಿಂತು ಪರದೆ ನೋಡಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಆಮೇಲೆ ಮುಂದಿನ ಸಾಲಿನ ಹತ್ತಿರ ಹೋಗಿ ಬಗ್ಗಿ ಏನೋ ಕೇಳಿದರು. ಮೈಕಿನಲ್ಲಿ ಅರೆಬರೆ ಕೇಳಿಸಿತು: "...ಮೂಲೆಯಲ್ಲಿ ಬೀಳ್ತಾ ಇರೋದು ಯಾರಮ್ಮಾ?"

ಅಕ್ಕ ಹಸಿರು ದೀಪದಿಂದ ಕಣ್ಣು ತೆಗೆಯಲಿಲ್ಲ.

"ನನ್ನ ತಮ್ಮ," ಎಂದಳು ಅಷ್ಟೂ ಸ್ಪೀಕರಿನಲ್ಲಿ. "ಅವನು ಬಿದ್ದಿದ್ದಕ್ಕೇ ಇವರು ನಕ್ಕಿದ್ದು."